ಮುಳ್ಳಿದ್ದರೇನಾಯ್ತು, ಕವಳಿ ಹಚ್ಚಿ!

ಏಪ್ರಿಲ್ ಬಂತೆಂದರೆ ಮನೆಮುಂದಿನ ಗಿಡಗಳನ್ನು ಉಳಿಸಿಕೊಳ್ಳುವುದೇ ಒಂದು ದೊಡ್ಡ ಕೆಲಸ. ನಲ್ಲಿ ನೀರು ನಾಲ್ಕು ದಿನಕ್ಕೋ ಎಂಟು ದಿನಕ್ಕೋ ಒಮ್ಮೆ. ಬಂದ ನೀರಲ್ಲಿ ಮೊದಲು ಕುಡಿಯೋಕೆ, ಆಮೇಲೆ ಅಡುಗೆಗೆ, ಪಾತ್ರೆಗೆ, ಬಟ್ಟೆಗೆ. ಉಳಿದರೆ ಗಿಡಕ್ಕೆ. ಈ ಲೆಕ್ಕ ಹಾಕುವವರು ಯಾರು? ಯಜಮಾನರಲ್ಲ, ಮಕ್ಕಳೂ ಅಲ್ಲ, ನೀವೇ! ಕೊಡ ಎತ್ತಿ ಸೊಂಟ ನೋಯಿಸಿಕೊಳ್ಳುವವರೂ ನೀವೇ. ಇಷ್ಟಾದರೂ ನರ್ಸರಿಯಿಂದ ದುಡ್ಡು ಕೊಟ್ಟು ತಂದ ಶೋ ಗಿಡ, ಊರಿಗೆ ಹೋಗಿ ಬರುವಷ್ಟರಲ್ಲಿ ತಲೆ ಬಾಗಿಸಿ ನಿಂತಿರುತ್ತೆ. ಅದು ಹಣ್ಣು ಕೊಡಲ್ಲ, ದೇವರಿಗೆ ಏರಿಸೋಕೆ ಹೂವೂ ಕೊಡಲ್ಲ.

ಹೀಗಿರುವಾಗ, ಕಲ್ಲುಗುಡ್ಡದಲ್ಲಿ ಯಾರೂ ಒಂದು ತಂಬಿಗೆ ನೀರು ಹಾಕದಿದ್ದರೂ ಪ್ರತಿ ಬೇಸಿಗೆಗೆ ಮೈತುಂಬ ಹಣ್ಣು ಬಿಡುವ ಕವಳಿಯನ್ನು ನಾವು ಮನೆಯಂಗಳಕ್ಕೆ ಕರೆಯುವುದೇ ಇಲ್ಲವಲ್ಲ, ಯಾಕೆ?

ಕವಳಿ ಗೊತ್ತಲ್ವಾ? ದಕ್ಷಿಣ ಕನ್ನಡದವರು ಇದಕ್ಕೆ ಕರಂಡೆ ಅಂತಾರೆ. ಮರಾಠಿಯಲ್ಲಿ ಕರವಂದ. ‘ಡೋಂಗರಚಿ ಕಾಳಿ ಮೈನಾ’, ಅಂದರೆ ಗುಡ್ಡದ ಕರಿ ಮೈನಾ ಎಂಬ ಮುದ್ದಿನ ಹೆಸರೂ ಉಂಟು. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿ, ಸುರೇಬಾನ, ಕಟಕೋಳ, ಅಥವಾ ಸವದತ್ತಿ ಕಡೆಯ ಮುನವಳ್ಳಿಯಲ್ಲಿ ತವರು ಇರುವವರಿಗೆ ಒಣಭೂಮಿ ಎಂದರೇನೆಂದು ಹೇಳಬೇಕಾಗಿಲ್ಲ. ಮಲಪ್ರಭೆಯ ದಂಡೆ ಬಿಟ್ಟು ಸ್ವಲ್ಪ ಮೇಲೇರಿದರೆ ಬರೀ ಕಲ್ಲು, ಗರಸು, ಕುರುಚಲು. ಅಂಥ ನೆಲಕ್ಕೆಂದೇ ಹುಟ್ಟಿದ ಗಿಡ ಇದು.

<b>ಮುಳ್ಳು ಅಪಶಕುನವೇ?</b>

‘ಅಯ್ಯ, ಮುಳ್ಳಿನ ಗಿಡ ಮನೀ ಮುಂದ ಯಾಕ್ರೀ? ಜಗಳ ಬರತಾವಂತ!’ ಕವಳಿಯ ಹೆಸರೆತ್ತಿದರೆ ಮೊದಲು ಬರುವ ಮಾತೇ ಇದು. ವಾಸ್ತು ಪುಸ್ತಕ ಓದಿದವರಂತೂ ಮತ್ತೂ ಹೆದರುತ್ತಾರೆ.

ಸ್ವಲ್ಪ ಯೋಚಿಸಿ ನೋಡಿ. ಶಿವನಿಗೆ ಏರಿಸುವ ಬಿಲ್ವಪತ್ರೆಯ ಗಿಡಕ್ಕೆ ಮುಳ್ಳಿಲ್ಲವೇ? ದಸರೆಯಲ್ಲಿ ನಾವು ಪೂಜೆ ಮಾಡಿ ಬಂಗಾರವೆಂದು ಹಂಚುವ ಬನ್ನಿಗೆ ಮುಳ್ಳಿಲ್ಲವೇ? ನಿಂಬೆಗೆ? ಕುಂಡದಲ್ಲಿ ಮಗುವಿನಂತೆ ಸಾಕುವ ಗುಲಾಬಿಗೆ? ಅವೆಲ್ಲ ಶುಭ, ಕವಳಿ ಮಾತ್ರ ಅಶುಭ ಎಂದರೆ ನ್ಯಾಯವಲ್ಲ. ಮನೆಯಲ್ಲಿ ಜಗಳ ಆಗುವುದು ನೀರು, ದುಡ್ಡು, ಟಿವಿ ರಿಮೋಟಿಗಾಗಿ. ಗಿಡದ ಮುಳ್ಳಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಶಬರಿಯ ಕಥೆಯಂತೂ ನಮ್ಮ ನೆಲಕ್ಕೇ ಅಂಟಿಕೊಂಡಿದೆ. ಸುರೇಬಾನದ ಹತ್ತಿರದ ಶಬರಿಕೊಳ್ಳದಲ್ಲೇ ಆಕೆ ರಾಮನಿಗಾಗಿ ಕಾದಿದ್ದಳು ಎಂದು ನಂಬಿದವರು ನಾವು. ಆಕೆ ಕೊಟ್ಟದ್ದು ಬಾರಿಹಣ್ಣು, ಕವಳಿಯಲ್ಲ ನಿಜ. ಆದರೆ ಬಾರಿಗೂ ಮುಳ್ಳುಂಟು! ಮುಳ್ಳಿನ ನಡುವಿನಿಂದ ಕಿತ್ತ ಕಾಡುಹಣ್ಣು ದೇವರಿಗೆ ನಡೆದೀತಾದರೆ, ನಮ್ಮ ಹಿತ್ತಲಿಗೆ ನಡೆಯದೇ?

ಹಾಗೆಂದು ಮುಳ್ಳನ್ನು ಮರೆಯಲೂ ಬೇಡಿ. ಕವಳಿಯದು ಕವಲೊಡೆದ ಗಟ್ಟಿ ಮುಳ್ಳು, ಚುಚ್ಚಿದರೆ ಜೋರು ನೋವು. ಅಂಬೆಗಾಲಿಡುವ ಮಗು ಇರುವ ಮನೆಯವರು ಅಂಗಳದ ನಡುವೆ ಹಚ್ಚಬೇಡಿ, ಹಿಂದಿನ ಕಾಂಪೌಂಡಿಗೆ ಹಚ್ಚಿ. ಓಡಾಡುವ ದಾರಿಗೆ ಚಾಚಿದ ರೆಂಬೆಗಳನ್ನು, ಅದರಲ್ಲೂ ಕಣ್ಣಿನ ಎತ್ತರಕ್ಕೆ ಬರುವುದನ್ನು ತಪ್ಪದೆ ಕತ್ತರಿಸಿ. ಬುಡದಲ್ಲಿ ಕಸ, ಹುಲ್ಲು ಬೆಳೆಯಲು ಬಿಡದಿದ್ದರೆ ಹುಳಹುಪ್ಪಡಿಯ ಭಯವೂ ಕಡಿಮೆ. ಅದೇ ಮುಳ್ಳೇ ನಿಮಗೆ ಬೇಲಿ. ಬೀದಿ ದನ, ಆಡು ಒಳಗೆ ನುಗ್ಗುವುದಿಲ್ಲ. ಕಾಂಪೌಂಡ್ ಕಟ್ಟುವ ಖರ್ಚು ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತಾಗುತ್ತೆ.

<b>ಹಚ್ಚುವುದು ಹೇಗೆ?</b>

ಬಹಳ ಸುಲಭ. ಮೇ ತಿಂಗಳಲ್ಲಿ ಪೇಟೆಗೆ ಬರುವ ಚೆನ್ನಾಗಿ ಕಪ್ಪಾದ ಹಣ್ಣು ತನ್ನಿ. ತಿಂದು ಬೀಜ ಎಸೆಯಬೇಡಿ. ತೊಳೆದು, ನೆರಳಲ್ಲಿ ಒಂದೆರಡು ದಿನ ಆರಿಸಿ, ಕೂಡಲೇ ಬಿತ್ತಿ. ‘ಮುಂದಿನ ವರ್ಷ ನೋಡೋಣ’ ಎಂದು ಡಬ್ಬಿಯಲ್ಲಿಟ್ಟರೆ ಬೀಜದ ಮೊಳೆಯುವ ಶಕ್ತಿಯೇ ಹೋಗಿಬಿಡುತ್ತೆ. ಖಾಲಿ ಹಾಲಿನ ಪ್ಯಾಕೆಟ್‌ಗೆ ತೂತು ಮಾಡಿ, ಮಣ್ಣು, ಮರಳು, ಗೊಬ್ಬರ ಸಮಪಾಲು ತುಂಬಿ ಬೀಜ ಹಾಕಿದರೆ ಸಾಕು. ಮರುವರ್ಷದ ಮಳೆಗಾಲದ ಹೊತ್ತಿಗೆ ಸಸಿ ನೆಲಕ್ಕೆ ಸಿದ್ಧ.

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ. ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಮಣ್ಣಿಗೆ ಬೆರೆಸಿ ಸಸಿ ನೆಡಿ. ಬೇಲಿ ಆಗಬೇಕೆಂದರೆ 3 ಅಡಿಗೊಂದು ಗಿಡ ಇರಲಿ, ಒಂಟಿ ಗಿಡವಾದರೆ ಸುತ್ತ 6 ಅಡಿ ಜಾಗ ಬಿಡಿ. ಬಿಸಿಲು ಮಾತ್ರ ಚೆನ್ನಾಗಿ ಬೀಳಬೇಕು.

ಇದಕ್ಕೆ ಆಗದಿರುವುದು ಒಂದೇ, ಬುಡದಲ್ಲಿ ನಿಲ್ಲುವ ನೀರು. ಮಸಾರಿ, ಗರಸು ನೆಲವಾದರೆ ಚಿಂತೆಯಿಲ್ಲ. ಎರಿಮಣ್ಣಿನ ಸೈಟಾದರೆ ಒಂದಡಿ ಎತ್ತರದ ಮಣ್ಣಿನ ಏರಿ ಹಾಕಿ ಅದರ ಮೇಲೆ ಹಚ್ಚಿ.

ಮೊದಲ ಬೇಸಿಗೆಗೆ ವಾರಕ್ಕೊಂದು ಬಕೆಟ್ ನೀರು ಬೇಕು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಸಾಕು. ಎರಡನೇ ವರ್ಷ ಹದಿನೈದು ದಿನಕ್ಕೊಮ್ಮೆ. ಬೇರು ಆಳಕ್ಕಿಳಿದ ಮೇಲೆ ಗಿಡ ತನ್ನ ದಾರಿ ತಾನು ನೋಡಿಕೊಳ್ಳುತ್ತೆ. ಬೀಜದ ಗಿಡ ಸಾಮಾನ್ಯವಾಗಿ ಮೂರನೇ ವರ್ಷದಿಂದ ಹಣ್ಣಿಗೆ ಬರುತ್ತೆ. ಹಣ್ಣು ಮುಗಿದ ಮೇಲೆ ಒಣಗಿದ, ಅಡ್ಡಾದಿಡ್ಡಿ ಬೆಳೆದ ರೆಂಬೆ ಕತ್ತರಿಸಿ. ಕತ್ತರಿಸಿದಾಗ ಬಿಳಿ ಹಾಲು ಬರುತ್ತೆ. ಬಟ್ಟೆಗೆ ತಾಗಿದರೆ ಕಲೆ ಹೋಗಲ್ಲ, ಹಳೆ ಸೀರೆ ಉಟ್ಟೇ ಕೆಲಸಕ್ಕಿಳಿಯಿರಿ. ಕೈಗವಸು ಮರೆಯಬೇಡಿ.

ಫ್ಲಾಟಿನಲ್ಲಿರುವವರೂ ಬೇಸರಪಡಬೇಕಿಲ್ಲ. ಒಂದೂವರೆ ಅಡಿ ಅಗಲದ ಡ್ರಮ್ಮಿನಲ್ಲಿ, ತಳಕ್ಕೆ ತೂತು ಮಾಡಿ, ಟೆರೇಸಿನ ಮೇಲೆ ಬೆಳೆಸಬಹುದು. ಆದರೆ ಡ್ರಮ್ಮಿನ ಗಿಡಕ್ಕೆ ನೆಲದ ಗಿಡಕ್ಕಿಂತ ಹೆಚ್ಚು ನೀರು ಬೇಕು. ದೊಡ್ಡ ಕಾಯಿಯ ಜಾತಿಯೇ ಬೇಕೆನ್ನುವವರಿಗೆ ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠದ ‘ಕೊಂಕಣ ಬೋಲ್ಡ್’, ಪಂತನಗರ ಕೃಷಿ ವಿಶ್ವವಿದ್ಯಾಲಯದ ‘ಪಂತ್ ಮನೋಹರ್’, ‘ಪಂತ್ ಸುದರ್ಶನ್’, ‘ಪಂತ್ ಸುವರ್ಣ’ ತಳಿಗಳಿವೆ. ಸಸಿಗಾಗಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ, ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಒಮ್ಮೆ ವಿಚಾರಿಸಿ ನೋಡಿ.

<b>ಕೇಕಿನ ಮೇಲಿನ ಚೆರ್ರಿ!</b>

ಹುಟ್ಟುಹಬ್ಬದ ಕೇಕಿನ ಮೇಲೆ, ಸಿಹಿ ಪಾನಿನ ತುದಿಯಲ್ಲಿ ಕೆಂಪಗೆ ಮಿನುಗುವ ಚೆರ್ರಿಗೆ ಮಕ್ಕಳು ಕಿತ್ತಾಡುತ್ತವೆ ಅಲ್ವಾ? ನಮ್ಮಲ್ಲಿ ಬಹಳ ಸಲ ಅದು ಚೆರ್ರಿಯೇ ಅಲ್ಲ. ಕವಳಿಕಾಯಿಯ ಬೀಜ ತೆಗೆದು, ಬಣ್ಣ ಕಟ್ಟಿ, ಸಕ್ಕರೆ ಪಾಕದಲ್ಲಿ ನೆನೆಸಿಟ್ಟದ್ದು! ಬಣ್ಣ ಹಚ್ಚಿಕೊಂಡು ಪರದೇಶದ ಹೆಸರಿಟ್ಟುಕೊಂಡರೆ ಅಕ್ಕರೆ, ಬುಟ್ಟಿಯಲ್ಲಿ ತನ್ನ ಹೆಸರಲ್ಲೇ ಬಂದರೆ ತಾತ್ಸಾರ. ಎಂಥ ವಿಚಿತ್ರ!

ಎಳೆಯ ಹಸಿರು ಕಾಯಿ ಉಪ್ಪಿನಕಾಯಿಗೆ ಹೇಳಿ ಮಾಡಿಸಿದ್ದು. ಕಾಯಿಯನ್ನು ಸೀಳಿ ಉಪ್ಪುನೀರಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಹಾಲಿನ ಅಂಟು ಹೋಗುತ್ತೆ. ಹಸಿಮೆಣಸು, ಬೆಳ್ಳುಳ್ಳಿ, ಜೀರಿಗೆ, ಕೊತ್ತಂಬರಿ, ಉಪ್ಪು, ಚೂರು ಬೆಲ್ಲದೊಂದಿಗೆ ಕುಟ್ಟಿದರೆ ಜೋಳದ ರೊಟ್ಟಿಗೆ ಬಾಯಿ ಚಪ್ಪರಿಸುವ ಚಟ್ನಿ. ಅರೆಹಣ್ಣಲ್ಲಿ ಪೆಕ್ಟಿನ್ ಚೆನ್ನಾಗಿರುವುದರಿಂದ ಜೆಲ್ಲಿಗೆ ಬೇರೇನೂ ಬೆರೆಸದೆಯೇ ಅದು ಗಟ್ಟಿಯಾಗುತ್ತೆ. ಕಪ್ಪಾದ ಹಣ್ಣಿಗೆ ಮಾತ್ರ ಯಾವ ಅಡುಗೆಯೂ ಬೇಡ, ತೊಳೆದು ತಿಂದರಾಯಿತು.

ಒಂದು ಎಚ್ಚರಿಕೆ. ಇದು ಕಣಗಿಲೆಯ ಕುಟುಂಬಕ್ಕೆ ಸೇರಿದ ಗಿಡ. ಹಣ್ಣು, ಕಾಯಿ ತಿನ್ನಬಹುದು, ಆದರೆ ಯಾರದೋ ಮಾತು ಕೇಳಿ ಬೇರಿನ ಕಷಾಯ ಮಾಡಿಕೊಳ್ಳಬೇಡಿ. ಅದರಲ್ಲಿ ಹೃದಯದ ಮೇಲೆ ಪರಿಣಾಮ ಬೀರುವ ಅಂಶಗಳಿವೆ. ಹಾಗೆಯೇ ‘ಕವಳಿಯಲ್ಲಿ ಕಬ್ಬಿಣಾಂಶ ಬಹಳ’ ಎಂಬ ಮಾತು ನಂಬಿ, ರಕ್ತ ಕಡಿಮೆಯಿದೆಯೆಂದು ಡಾಕ್ಟರ್ ಬರೆದುಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಹಣ್ಣು ಹಣ್ಣೇ, ಔಷಧ ಔಷಧವೇ.

<b>ಬುಟ್ಟಿ ಹೊತ್ತು ಬರುವ ಅಕ್ಕ</b>

ಬೇಸಿಗೆಯಲ್ಲಿ ಮೂಲೆಯಲ್ಲಿ ಕೂತು ಹಣ್ಣು ಮಾರುವ ಹೆಣ್ಣುಮಕ್ಕಳನ್ನು ನೋಡಿದ್ದೀರಿ. ಬೆಳಗಾಗುವ ಮುಂಚೆ ಗುಡ್ಡ ಹತ್ತಿ, ಕೈಯೆಲ್ಲ ಗೀರಿಸಿಕೊಂಡು ಒಂದೊಂದೇ ಕಿತ್ತು ತಂದದ್ದು ಅದು. ಮಾಲ್‌ನಲ್ಲಿ ಕೇಳಿದಷ್ಟು ಕೊಡುವ ನಾವು ಅವರ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವುದು ಬೇಡ. ಕಲ್ಲು ಕ್ವಾರಿ, ಲೇಔಟ್, ಬೆಂಕಿ ಎಂದು ಗುಡ್ಡಗಳ ಕುರುಚಲು ಕರಗಿದಂತೆಲ್ಲ ಅವರ ನಡಿಗೆ ದೂರವಾಗುತ್ತದೆ, ಬುಟ್ಟಿ ಸಣ್ಣದಾಗುತ್ತದೆ.

ಗಿಡ ಬೇಕೆಂದು ಗುಡ್ಡದಿಂದ ಕಿತ್ತು ತರಬೇಡಿ. ಅದು ಅವರ ಅನ್ನ. ಕಿತ್ತ ಕವಳಿ ಬದುಕುವುದೂ ಕಷ್ಟ. ಹಣ್ಣು ಅವರಿಂದ ಕೊಳ್ಳಿ, ಬೀಜ ನಿಮ್ಮ ಮನೆಯಲ್ಲಿ ಬಿತ್ತಿ. ನಿಮ್ಮ ಕಾಂಪೌಂಡಿನ ಒಂದು ಗಿಡದಿಂದ ಅವರ ವ್ಯಾಪಾರ ಕೆಡುವುದಿಲ್ಲ. ಬದಲಿಗೆ ಕವಳಿಯ ರುಚಿ ಹತ್ತಿದ ಮಕ್ಕಳು ನಾಳೆ ಅವರ ಬುಟ್ಟಿ ಕಂಡಾಗ ‘ಅಮ್ಮಾ, ಕವಳಿ!’ ಎಂದು ನಿಲ್ಲುತ್ತವೆ. ರುಚಿಯೇ ಗೊತ್ತಿಲ್ಲದ ಹಣ್ಣನ್ನು ಯಾರು ಕೇಳುತ್ತಾರೆ, ಯಾರು ಉಳಿಸುತ್ತಾರೆ?

ಇರುವ ಶೋ ಗಿಡಗಳನ್ನೆಲ್ಲ ಕಿತ್ತು ಹಾಕಿ ಎಂದು ಯಾರೂ ಹೇಳುತ್ತಿಲ್ಲ. ಈ ಬೇಸಿಗೆಗೆ ಅದರಲ್ಲಿ ಒಂದು ಒಣಗಿದರೆ, ಆ ಜಾಗಕ್ಕೆ ಮತ್ತೆ ಅಂಥದ್ದೇ ತರಬೇಡಿ. ಒಂದು ಕವಳಿ ಹಚ್ಚಿ. ಚಳಿ ಮುಗಿಯುವ ಹೊತ್ತಿಗೆ ಮಲ್ಲಿಗೆಯಂಥ ಘಮದ ಬಿಳಿ ಹೂ, ಬೇಸಿಗೆಗೆ ಹಣ್ಣು, ವರ್ಷಪೂರ್ತಿ ಬೇಲಿ. ನಿಮ್ಮ ಸೊಂಟಕ್ಕೂ ನಾಲ್ಕು ಕೊಡದಷ್ಟು ವಿಶ್ರಾಂತಿ. ಏನಂತೀರಿ?