ಅಜ್ಜ ಎಳೆದ ಗೀರು

ಮೂರನೇ ಸೆಮಿಸ್ಟರ್‌ನ ಗಣಿತ ಎರಡನೇ ಸಲವೂ ಕೈಕೊಟ್ಟಿತ್ತು. ಫಲಿತಾಂಶ ಬಂದ ವಾರವೇ ದಸರಾ ರಜೆ. ಬ್ಯಾಗ್ ಹೆಗಲಿಗೇರಿಸಿಕೊಂಡು ಸಾಗರದ ಹತ್ತಿರದ ನಮ್ಮೂರಿಗೆ ಬಂದೆ. ನಾನೀಗ ಸಿವಿಲ್ ಎಂಜಿನಿಯರಿಂಗ್‌ನ ಐದನೇ ಸೆಮಿಸ್ಟರ್‌ನಲ್ಲಿದ್ದೇನೆ. ಮುಂದಿನ ವರ್ಷ ಕ್ಯಾಂಪಸ್‌ಗೆ ಬರುವ ಕಂಪನಿಗಳಲ್ಲಿ ಹೆಚ್ಚಿನವು ಬ್ಯಾಕ್‌ಲಾಗ್ ಇದ್ದವರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮನೆಯಲ್ಲಿ ವಿಷಯ ಹೇಳಲು ಧೈರ್ಯ ಬರಲಿಲ್ಲ. ಅಜ್ಜ ಕೇಳಲೂ ಇಲ್ಲ. ‘ಅಪ್ಪೀ, ಮಳೆ ಹೊಳವಾಗಿದೆ, ಅಂಗಳ ಕೆತ್ತೋಣ’ ಎಂದು ಕೈಗೆ ಗುದ್ದಲಿ ಕೊಟ್ಟರು.

ಮಲೆನಾಡಿನವರಿಗೆ ಇದು ಗೊತ್ತು. ಜೂನ್‌ನಿಂದ ನಾಲ್ಕು ತಿಂಗಳು ಮಳೆ ಹೊಯ್ದ ಮೇಲೆ ಅಂಗಳ ಅಂಗಳವಾಗಿ ಉಳಿದಿರುವುದಿಲ್ಲ. ಜಾರದಿರಲೆಂದು ಹಾಸಿದ ಅಡಿಕೆ ಸೋಗೆ ಕೊಳೆತಿರುತ್ತದೆ, ಅದರಡಿ ಹಾವಸೆ, ಅಂಚಿನಲ್ಲೆಲ್ಲ ಹುಲ್ಲು. ಅಡಿಕೆ ಕೊಯ್ಲು ಶುರುವಾಗುವುದರೊಳಗೆ ಅದನ್ನೆಲ್ಲ ಕೆತ್ತಿ, ಮಟ್ಟ ಮಾಡಿ, ಬಡಿದು, ಸಗಣಿ ಸಾರಿಸಬೇಕು. ಚಿಕ್ಕಪ್ಪನ ಮನೆಯಲ್ಲಿ ಸಿಮೆಂಟ್ ಹಾಕಿಸಿ ಆರಾಮಾಗಿದ್ದಾರೆ. ಸಿವಿಲ್ ಓದುವವನಾಗಿ ನನ್ನ ಮತವೂ ಅದಕ್ಕೇ. ಅಜ್ಜ ಒಪ್ಪಬೇಕಲ್ಲ!

ಮೊದಲ ದಿನ ಹುರುಪಿನಲ್ಲಿ ಅರ್ಧ ಅಂಗಳ ಬಾಚಿಹಾಕಿದೆ. ಎರಡನೇ ದಿನ ಅಂಗೈ ತುಂಬ ಬೊಕ್ಕೆ, ಗುದ್ದಲಿ ಹಿಡಿಯಲಾಗಲಿಲ್ಲ. ಮೂರನೇ ದಿನ ಅಜ್ಜ ಕೋಲಿನಿಂದ ನೆಲದ ಮೇಲೆ ಒಂದು ಗೀರು ಎಳೆದು, ‘ಇವತ್ತು ಇಲ್ಲಿವರೆಗೆ ಸಾಕು’ ಎಂದರು. ಹತ್ತು ಗಂಟೆಯ ಹೊತ್ತಿಗೆ ಅದು ಮುಗಿದಿತ್ತು. ಇನ್ನೊಂದಿಷ್ಟು ಮಾಡುತ್ತೇನೆಂದರೆ ಬಿಡಲಿಲ್ಲ. ಮರುದಿನ ಮತ್ತೊಂದು ಗೀರು.

ನನ್ನ ಹಾಸ್ಟೆಲ್ ಕೋಣೆಯ ಗೋಡೆಯ ಮೇಲೆ ‘ಸಿಜಿಪಿಎ 8.5’ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ದೊಡ್ಡ ಗುರಿ ಇಟ್ಟುಕೊಳ್ಳಿ ಎಂದು ಹೇಳುವ ವಿಡಿಯೊಗಳನ್ನು ರಾತ್ರಿ ಒಂದರವರೆಗೂ ನೋಡಿದ್ದೇನೆ. ಅವು ಕೊಡುವ ಹುರುಪು ನನ್ನ ಮೊದಲ ದಿನದ ಗುದ್ದಲಿ ಕೆಲಸದಂಥದ್ದು. ಇವತ್ತು ಎಷ್ಟು ಪುಟ, ಯಾವ ಲೆಕ್ಕ ಎಂಬ ಗೀರನ್ನು ಎರಡು ವರ್ಷದಲ್ಲಿ ನಾನು ಒಮ್ಮೆಯೂ ಎಳೆದುಕೊಂಡಿರಲಿಲ್ಲ.

ಇನ್ನು ಕೊನ್ನಾರಿ ಗಡ್ಡೆ. ಮೇಲಿನ ಹುಲ್ಲು ಕೆತ್ತಿದರೆ ನೆಲ ಚೊಕ್ಕಟವಾಗಿ ಕಾಣುತ್ತದೆ, ಆದರೆ ಮಣ್ಣಿನೊಳಗೆ ಗಡ್ಡೆಗೆ ಗಡ್ಡೆ ಸರದಂತೆ ಹೆಣೆದುಕೊಂಡಿರುತ್ತದೆ. ಒಂದು ಉಳಿದರೂ ಮತ್ತೆ ಚಿಗುರುತ್ತದೆ. ನಾನು ಅರ್ಧ ಅಂಗಳ ‘ಮುಗಿಸಿದ್ದ’ ಜಾಗದಲ್ಲಿ ನಾಲ್ಕೇ ದಿನಕ್ಕೆ ಹಸಿರು ಇಣುಕಿತು. ಕುಕ್ಕರಗಾಲಲ್ಲಿ ಕೂತು ಗಡ್ಡೆ ಹೆಕ್ಕುವಾಗ ಫೂರಿಯರ್ ಸರಣಿ ನೆನಪಾಯಿತು. ಹಳೆಯ ಪ್ರಶ್ನೆಪತ್ರಿಕೆಗಳ ಉತ್ತರ ಉರು ಹೊಡೆದು ಎರಡು ಸಲ ಬರೆದಿದ್ದೆ. ನಿಜವಾದ ತೊಡಕು ಇದ್ದದ್ದು ಪಿಯುಸಿಯಲ್ಲಿ ಅರೆಬರೆ ಕಲಿತ ಇಂಟಿಗ್ರೇಷನ್‌ನಲ್ಲಿ. ಅಲ್ಲಿಗೆ ಹೋಗಲು ನಾಚಿಕೆ, ಬಿ.ಇ. ಓದುವವನು ಪಿಯುಸಿ ಪುಸ್ತಕ ಬಿಚ್ಚುವುದೇ ಎಂದು. ಅಟ್ಟದ ಮೇಲಿಂದ ಆ ಪುಸ್ತಕ ಇಳಿಸಿದ್ದು ಅದೇ ಸಂಜೆ.

ನೀರಿನ ಇಳಿಜಾರು ನೋಡುವಾಗ ಮೊಬೈಲ್‌ನ ಲೆವೆಲ್ ಆ್ಯಪ್ ತೆರೆದು ‘ಸರಿ ಇದೆ’ ಎಂದೆ. ಅಜ್ಜ ಒಂದು ಕೊಡ ನೀರು ಸುರಿದರು. ತುಳಸಿಕಟ್ಟೆಯ ಪಕ್ಕ ಬಂದು ನಿಂತೇಬಿಟ್ಟಿತು. ಆಮೇಲೆ ಆ್ಯಪ್ ತೆರೆಯಲಿಲ್ಲ.

ಹತ್ತನೇ ದಿನ ಅಮ್ಮ, ಅತ್ತೆ ಸೇರಿ ಸಗಣಿ ಸಾರಿಸಿದರು. ಆ ರಾತ್ರಿಯೇ ಚಿತ್ತೆ ಮಳೆ ಹೊಯ್ದು ಎಲ್ಲವನ್ನೂ ತೊಳೆದುಕೊಂಡು ಹೋಯಿತು. ಶ್ರಮಕ್ಕೆ ಫಲ ಸಿಕ್ಕೇ ಸಿಗುತ್ತದೆ ಎನ್ನುವವರು ಆ ಬೆಳಿಗ್ಗೆ ನಮ್ಮನೆಗೆ ಬರಬೇಕಿತ್ತು. ದೊಡ್ಡಪ್ಪನ ಮಗ, ನನ್ನ ಅಣ್ಣ, ಜಗಲಿಯಲ್ಲಿ ಕೂತು ನಕ್ಕ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಬರೆದವರಲ್ಲಿ ಅವನೂ ಒಬ್ಬ. ಅಕ್ರಮ ಬಯಲಾಗಿ 2022ರಲ್ಲಿ ಅದು ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ‘ಮಳೆಗಾದ್ರೆ ಯಾರನ್ನೂ ಬೈಯೋ ಹಾಗಿಲ್ಲ. ನಮ್ಮದಕ್ಕೆ ಹಾಗಲ್ಲ’ ಎಂದ. ಅವನ ಮಾತು ಸರಿ. ಪ್ರಾಮಾಣಿಕವಾಗಿ ಓದಿದವರ ಎರಡು ವರ್ಷವನ್ನು ಯಾರೋ ಕಿತ್ತುಕೊಂಡಾಗ ‘ತಾಳ್ಮೆ ಇರಲಿ’ ಎಂದು ಬುದ್ಧಿ ಹೇಳುವುದು ಸುಲಭ. ಕೇಳಬೇಕಾದ ಪ್ರಶ್ನೆ ಬೇರೆ. ಆದರೂ ಆವತ್ತು ಎದ್ದು ಸಗಣಿ ಬುಟ್ಟಿ ತಂದವನು ಅವನೇ.

ಹೊರಡುವ ಹಿಂದಿನ ರಾತ್ರಿ ಅಪ್ಪನಿಗೆ ಬ್ಯಾಕ್‌ಲಾಗ್ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಫೀಸು ಕಟ್ಟೋ ಕೊನೆ ದಿನ ಯಾವಾಗ?’ ಎಂದಷ್ಟೇ ಕೇಳಿದರು.

ಈಗ ಹಾಸ್ಟೆಲ್‌ನಲ್ಲಿದ್ದೇನೆ. ದಿನಕ್ಕೆ ಐದು ಲೆಕ್ಕ, ಅಷ್ಟೇ. ಕೆಲವು ದಿನ ಮೂರಕ್ಕೇ ನಿಲ್ಲುತ್ತದೆ. ಪರೀಕ್ಷೆ ಜನವರಿಯಲ್ಲಿದೆ. ನಿನ್ನೆ ಅಪ್ಪ ವಾಟ್ಸ್‌ಆ್ಯಪ್‌ನಲ್ಲಿ ಅಂಗಳದ ಫೋಟೊ ಕಳಿಸಿದ್ದರು. ಬೇಯಿಸಿದ ಅಡಿಕೆ ಹರವಿದ್ದಾರೆ. ಮೂಲೆಯಲ್ಲಿ, ನಾನು ಮೊದಲ ದಿನ ಕೆತ್ತಿದ ಕಡೆ, ಮೂರು ಹಸಿರು ಕುಡಿ. ಅದರ ಸುತ್ತ ಅಜ್ಜ ಕೋಲಿನಿಂದ ಒಂದು ಗೀರು ಎಳೆದಿಟ್ಟಿದ್ದಾರೆ.