ಬಯಲಿಗೆ ಬಂದ ರೈಲು ಮತ್ತು ನಮ್ಮ ಹೊಣೆ

ಕಡಲೆ ಬೆಳೆಯ ವೀಕ್ಷಣೆಗೆಂದು ಈಚೆಗೆ ಮಲೆನಾಡಿನಿಂದ ಯಲಬುರ್ಗಾಕ್ಕೆ ಹೋಗಬೇಕಾಯಿತು. ಗದಗ–ವಾಡಿ ಹೊಸ ಮಾರ್ಗದ ಒಂದು ಭಾಗ ಸಿದ್ಧವಾಗಿ, 2025ರ ಮೇ 15ರಂದು ಹುಬ್ಬಳ್ಳಿ–ಕುಷ್ಟಗಿ ರೈಲು ಆರಂಭವಾದ ಮೇಲೆ ಜೋಳ–ಕಡಲೆಯ ಈ ಎರೆಭೂಮಿಗೂ ರೈಲು ತಲುಪಿದೆ. ಹುಬ್ಬಳ್ಳಿಯಲ್ಲಿ ಅದನ್ನೇ ಹತ್ತಿದೆ. ಎದುರಿಗೆ ಆಸ್ಪತ್ರೆಯಿಂದ ಮರಳುತ್ತಿದ್ದ ವೃದ್ಧ ದಂಪತಿಗಳಿದ್ದರು.

ಯಲಬುರ್ಗಾದಲ್ಲಿ ಇಳಿದಾಗ ಅವರ ಹಳ್ಳಿಗೆ ಬಸ್ಸಿರಲಿಲ್ಲ. "ರೈಲೇನೋ ಬಂತ್ರಿ ಸರ, ಬಸ್ಸು ಇದರ ದಾರಿ ಕಾಯಂಗಿಲ್ಲ" ಎಂದರು ಹಿರಿಯರು. ಕೊನೆಗೆ ಟಂಟಂ ಒಂದನ್ನು ಗೊತ್ತುಮಾಡಿಕೊಂಡು ಹೊರಟರು. ರೈಲಿನಲ್ಲಿ ಉಳಿಸಿದ ಹಣ ಅಲ್ಲಿ ಖರ್ಚಾಯಿತು. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಆದರೆ ಬಸ್ಸೇ ಇಲ್ಲದ ಹೊತ್ತಿನಲ್ಲಿ ಆ ಅಜ್ಜಿಗೆ ಅದರಿಂದೇನು ಪ್ರಯೋಜನ? ಹಳಿಗೆ ಕೋಟಿಗಟ್ಟಲೆ ಸುರಿದವರಿಗೆ ವೇಳಾಪಟ್ಟಿ ಹೊಂದಿಸುವುದು ದುಬಾರಿಯೇನಲ್ಲ.

ಇದು ಬಯಲುಸೀಮೆಯವರ ಸಮಸ್ಯೆಯೆಂದು ನಾವು ಸುಮ್ಮನಿರಲಾಗದು. ಹುಬ್ಬಳ್ಳಿ–ಅಂಕೋಲಾ ಮಾರ್ಗವನ್ನು ಪಶ್ಚಿಮಘಟ್ಟದ ಕಾಡಿನ ಕಾರಣಕ್ಕಾಗಿ ಪ್ರಶ್ನಿಸುತ್ತ ಬಂದವರು ನಾವು. ಆ ಪ್ರಶ್ನೆ ರೈಲಿನ ವಿರುದ್ಧವಲ್ಲ, ಕಾಡು ಸೀಳುವುದರ ವಿರುದ್ಧ. ಹಾಗಿದ್ದ ಮೇಲೆ ಕಾಡು ಕಡಿಯದೆ ಬಂದ ರೈಲನ್ನು ಮನಸಾರೆ ಸ್ವಾಗತಿಸಬೇಕು. ಅದು ಹಳ್ಳಿಯ ಬಾಗಿಲಿಗೆ ಮುಟ್ಟುವಂತೆ ಬಸ್ಸನ್ನೂ ಕೇಳಬೇಕು. ಬಸ್ಸು ಸಿಗದ ಯುವಕ ಸಾಲಮಾಡಿ ಬೈಕು ಕೊಳ್ಳುತ್ತಾನೆ. ಉಳ್ಳವನು ಕಾರು ಕೊಳ್ಳುತ್ತಾನೆ. ಆ ವಾಹನಗಳಿಗಾಗಿ ಅಗಲವಾಗುವ ರಸ್ತೆಗೆ ಉರುಳುವ ಮರಗಳು ನಮ್ಮ ಘಟ್ಟದವೂ ಹೌದು.

ಬೇಡವೆನ್ನುವ ಧೈರ್ಯದೊಡನೆ ಬೇಕೆನ್ನುವ ಸ್ಪಷ್ಟತೆಯೂ ಇದ್ದಾಗಲೇ ಚಳವಳಿಯ ಮಾತಿಗೆ ತೂಕ ಬರುತ್ತದೆ.