ಹಳೇ ದೊಡ್ಡ ಕಾರಿಗೆ ಎಷ್ಟು ಕೊಡೂದು?

"ಹೊಸದಾದ್ರ 60 ಲಕ್ಷ, ನಮಗ 22ಕ್ಕ ಸಿಗಲಿಕ್ಕತ್ತದ!" ಹಳೇ ಬೆಂಝ್ ಇಲ್ಲಾ ಆಡಿ ತರೋಣಂತ ಮನ್ಯಾಗ ಮಾತು ಸುರು ಆತಂದ್ರ ಗಂಡಸರ ಬಾಯಾಗ ಮೊದಲ ಬರೂ ಲೆಕ್ಕ ಇದ. ಕೇಳಿದವರಿಗೆ 38 ಲಕ್ಷ ಉಳಿದಂಗ ಅನಸ್ತದ. ಯಾರ ರೊಕ್ಕ ಉಳೀತು ಅಂತ ಮಾತ್ರ ಯಾರೂ ಕೇಳೂದಿಲ್ಲ. ಆ 60 ಲಕ್ಷ ನಮ್ಮ ಕಡೆ ಯಾವತ್ತೂ ಇದ್ದಿದ್ದಿಲ್ಲಲ್ರೀ.

ಈ ಲೆಕ್ಕ ಹೆಣ್ಮಕ್ಕಳಿಗೆ ಛಲೋ ಗೊತ್ತದ. ಹಳೇ ಪಾಟ್ಲಿ ಮಾರಲಿಕ್ಕೆ ಹೋದ್ರ ಪತ್ತಾರ ತೂಕ ನೋಡ್ತಾನ, ಮಜೂರಿ, ವೇಸ್ಟೇಜ್ ಕೊಡೂದಿಲ್ಲ. ದೊಡ್ಡ ಕಾರಿನ್ಯಾಗ ಮಜೂರಿನ ಭಾಳ. ಶೋರೂಮ್ ಬೆಲೆ 50 ಲಕ್ಷ ಅಂತ ಹಿಡೀರಿ. ಪೆಟ್ರೋಲ್, ಡೀಸೆಲ್ ದೊಡ್ಡ ಗಾಡಿಗೆ ಈಗ ಜಿಎಸ್‌ಟಿ 40 ಪರ್ಸೆಂಟ್, ಅಂದ್ರ ಆ 50ರೊಳಗ ಹತ್ತತ್ರ 14 ಲಕ್ಷ ಬರೇ ತೆರಿಗಿ. ಅದರ ಮ್ಯಾಲೆ ಕರ್ನಾಟಕದ ಜೀವಾವಧಿ ತೆರಿಗಿ, 20 ಲಕ್ಷ ದಾಟಿದ ಗಾಡಿಗೆ ಸೆಸ್ ಹಿಡದು 20 ಪರ್ಸೆಂಟಿನ ಆಸುಪಾಸು, ಇನ್ನೊಂದು 10 ಲಕ್ಷ. 60ರಾಗ 24 ಸರಕಾರಕ್ಕ ಹೋತು. ಮೊದಲ್ನೇ ಮಾಲಕ ಅದನ್ನ ಕೊಟ್ಟಾನಂತ ಅವನ ಹಳೇ ಬಿಲ್ಲಿಗೆ ನಾವ್ಯಾಕ ಕೈಮುಗೀಬೇಕು?

ಆ ಬಿಲ್ಲು ಈಗ ಇನ್ನೂ ಕೆಲಸಕ್ಕ ಬರೂದಿಲ್ಲ. 2025ರ ಸಪ್ಟೆಂಬರ್ 22ಕ್ಕಿಂತ ಮೊದಲು ಇಂಥಾ ಗಾಡಿಗೆ 28 ಪರ್ಸೆಂಟ್ ಜಿಎಸ್‌ಟಿ, ಮ್ಯಾಲೆ ಸೆಸ್, ಎಲ್ಲಾ ಕೂಡಿ 50ರ ಸನೇಕ ಬೀಳ್ತಿತ್ತು. ಯಾರರೆ 2021ರ ಬಿಲ್ ತೋರಿಸಿ ರೇಟ್ ಹೇಳಿದ್ರ, ಶೋರೂಮಿನ ಇವತ್ತಿನ ಕೊಟೇಶನ್ ಅವರ ಮುಂದ ಇಡ್ರಿ.

ಇನ್ಶೂರೆನ್ಸ್ ಪಾಲಿಸಿ ಕೇಳ್ರಿ, ಅದರಾಗ ಐಡಿವಿ ಅಂತ ಒಂದು ಅಂಕಿ ಇರ್ತದ. ಗಾಡಿ ಕಳುವಾದ್ರ ಕಂಪನಿ ಒಪ್ಪಿಕೊಂಡ ಬೆಲೆ ಅದು. ಎರಡು ವರ್ಷ ದಾಟಿ ಮೂರರೊಳಗಿದ್ರ 30 ಪರ್ಸೆಂಟ್ ಕಳೀತಾರ, ನಾಲ್ಕು ದಾಟಿ ಐದರೊಳಗ 50. ಪ್ಯಾಟಿ ಬೆಲೆ ಅದ ಆಗಬೇಕಂತಿಲ್ಲ, ಆದ್ರ ಪಾಲಿಸಿ 19 ಅನ್ನೂ ಗಾಡಿಗೆ 26 ಕೇಳಿದ್ರ ಯಾಕಂತ ಕೇಳೂ ಹಕ್ಕು ನಮಗದ. ವ್ಯಾಪಾರಿ ಕಡೆ ತಗೊಂಡ್ರ "ಇದಕ್ಕ 18 ಪರ್ಸೆಂಟ್ ಜಿಎಸ್‌ಟಿ ಬ್ಯಾರೆ" ಅಂತ ಪೂರ್ತಿ ಬೆಲಿ ಮ್ಯಾಲೆ ಹಾಕಿದ್ರ ಒಪ್ಪಬ್ಯಾಡ್ರಿ. ಹಳೇ ಗಾಡಿ ಮಾರೂ ವ್ಯಾಪಾರಿಗೆ ಆ ತೆರಿಗಿ ಸಾಮಾನ್ಯವಾಗಿ ಅವನ ಲಾಭದ ಮ್ಯಾಲೆ ಅಷ್ಟ.

ಇನ್ನ ನನಗ ಖರೇ ಚಿಂತಿ ಇರೂದು ಇಲ್ಲೆ. ಕಾರಿನ ಬೆಲೆ ಇಳೀತದ, ಪಾರ್ಟಿನ ಬೆಲೆ ಇಳಿಯೂದಿಲ್ಲ! 22 ಲಕ್ಷಕ್ಕ ತಂದ್ರೂ ಕೆಟ್ಟಾಗ ಅದು 60 ಲಕ್ಷದ ಗಾಡೀನ. ಏರ್ ಸಸ್ಪೆನ್ಶನ್ ಇದ್ರ ಒಂದ ಕಡೆ ಗಾಡಿ ಕುಂತದೇನು ಮುಂಜಾನೆ ನೋಡ್ರಿ. ಆಟೋಮ್ಯಾಟಿಕ್ ಗೇರ್ ಝಟಕಾ ಹೊಡೀತದೇನು ಓಡಿಸಿ ನೋಡ್ರಿ. ಟೈರಿನ ಮಗ್ಗಲಾಗ ನಾಲ್ಕು ಅಂಕಿ ಇರ್ತಾವ. 2319 ಇದ್ರ 2019ರ 23ನೇ ವಾರದ್ದು. ಅಂಥಾ ನಾಲ್ಕು ಟೈರು ಬದಲಿ ಮಾಡೂ ಖರ್ಚನ್ನ ಹೇಳಿದ ಬೆಲಿಯಾಗ ಅಲ್ಲೇ ಕಳೀರಿ, ಆಮ್ಯಾಲೆ ನೋಡೋಣ ಅಂತ ಬಿಡಬ್ಯಾಡ್ರಿ. ಕಂಪನಿ ಸರ್ವಿಸ್ ಸೆಂಟರಿಗೆ ಹೋಗಿ ಮುಂದಿನ ಸರ್ವಿಸಿಗೆ ಎಷ್ಟು, ಬ್ರೇಕಿಗೆ ಎಷ್ಟು ಅಂತ ಬರಸ್ಕೊಂಡು ಬರ್ರಿ. ಅದು ಬೆಂಗಳೂರಾಗ ಅಷ್ಟ ಅದ ಅಂದ್ರ ಹುಬ್ಬಳ್ಳಿಯಿಂದ 400 ಕಿಲೋಮೀಟರ್ ಎಳಕೊಂಡು ಹೋಗೂ ಖರ್ಚೂ ಹಿಡೀರಿ.

ಕೊಡೂ ಬೆಲಿಯ ಐದರಾಗ ಒಂದು ಪಾಲು ರಿಪೇರಿಗಂತ ಬ್ಯಾರೆ ಇಡಲಿಕ್ಕಾಗದಿದ್ರ ಆ ಗಾಡಿ ಸೋವಿ ಸಿಕ್ರೂ ನಮಗ ತುಟ್ಟಿ. ಇದು ನನ್ನ ಲೆಕ್ಕ, ಬೇಕಂದ್ರ ಜಗಳಾಡ್ರಿ. ಯಾಕಂದ್ರ ಮೊದಲ್ನೇ ದೊಡ್ಡ ರಿಪೇರಿ ಬಂದಾಗ ಬ್ಯಾಂಕಿಗೆ ಅಡಾ ಇಡೂದು ಯಾರ ಬಂಗಾರ? ನಮ್ಮ ಓಣ್ಯಾಗ ಒಬ್ಬ ವೈನಿ ಬಿಲ್ವರ ಹಂಗ ಹೋದವು. ಕಾರು ಅಂಗಳದಾಗ ಕವರ್ ಹೊಚ್ಕೊಂಡು ನಿಂತದ, ಅಣ್ಣಾರು ಆಫೀಸಿಗೆ ಹಳೇ ಸ್ಕೂಟರ್ ಮ್ಯಾಲೆ ಹೋಗ್ತಾರ. ತರೂ ಮುಂದ ವೈನೀನ್ನ ಯಾರೂ ಕೇಳಿದ್ದಿಲ್ಲ. ಅಡಾ ಪತ್ರಕ್ಕ ಸಹಿ ಮಾಡೂ ಮುಂದ ಕರದರು.

ದಿಲ್ಲಿ ಗಾಡಿ ಭಾಳ ಸೋವಿ ಅಂತ ಈಗೊಂದು ಹೊಸಾ ಹುಚ್ಚು. ಅಲ್ಲೆ ಹತ್ತು ವರ್ಷದ ಡೀಸೆಲ್ ಗಾಡಿಗೆ 2015ರಿಂದ ತಕರಾರದ, ಅದಕ್ಕ ಇಳಿಸಿ ಮಾರ್ತಾರ. ಆದ್ರ ಅಲ್ಲಿಂದ ಎನ್‌ಒಸಿ ತರಬೇಕು, 12 ತಿಂಗಳಕಿಂತ ಹೆಚ್ಚು ಇಲ್ಲಿಟ್ಕೊಂಡ್ರ ಇಲ್ಲೆ ನೋಂದಣಿ ಮಾಡಿಸಬೇಕು, ಗಾಡಿ ವಯಸ್ಸು ನೋಡಿ ಇಲ್ಲಿನ ತೆರಿಗಿ ಮತ್ತ ಕಟ್ಟಬೇಕು. ಕೆಎ ನಂಬರಿನ ಗಾಡಿಗೆ ಕಟ್ಟಿದ ತೆರಿಗಿ ಗಾಡಿ ಜೋಡೀನ ಬರ್ತದ. ಅದಕ್ಕ ನಾಕು ರೊಕ್ಕ ಹೆಚ್ಚು ಕೊಟ್ರ ನನಗ ನ್ಯಾಯ ಅನಸ್ತದ.

ನೋಡಲಿಕ್ಕೆ ಹೋಗೂ ದಿನ ನೀವೂ ಜೋಡಿ ಹೋಗ್ರಿ. ಪರಿವಾಹನ್ ಆ್ಯಪಿನ್ಯಾಗ ನಂಬರ್ ಹಾಕಿ ಸಾಲ ಇನ್ನೂ ಅದೇನು, ಎಷ್ಟನೇ ಮಾಲಕ, ನೋಡ್ರಿ. ಸಾಲ ಇದ್ರ ಬ್ಯಾಂಕಿನ ಫಾರ್ಮ್ 35 ಬರೂ ತನಕ ಪೂರ್ತಿ ರೊಕ್ಕ ಕೊಡಬ್ಯಾಡ್ರಿ. ಸರ್ವಿಸ್ ಪಾವತಿ ಎಲ್ಲಾ ಕೇಳ್ರಿ. ಪಾವತಿ ಕೇಳಿದ ಕೂಡ್ಲೆ ಅವರು "ಅಕ್ಕಾರಿಗೆ ಚಾ ತಗೊಂಬಾರಪಾ" ಅಂದ್ರ, ಚಾ ಕುಡೀರಿ, ಮತ್ತೊಮ್ಮೆ ಕೇಳ್ರಿ.